ಏಡಿಯ ಬಲಗೈ

ಜೋಗೇಶ್ವರಿ, ಮುಂಬಯಿ
ತಾ. ೧೩-೨-೧೯೫೫, ರವಿವಾರ

ಕಟ್ಟೆಯ ಮೇಲೆ ಕೂತ ಹಿರಿಯರೇ, ಬಾಗಿಲ ಮರೆಗೆ ನಿಂತ ತಾಯಂದಿರೇ, ಗೋಡೆಯಾಚೆಯಿಂದ ಕಿವಿಗೊಟ್ಟ ನೆರೆಹೊರೆಯವರೇ! ಪರಪ್ಪನ ಕಾಗದ ಬಂತೆಂದರೆ ಇಡೀ ಓಣಿ ಅಕ್ಕನ ಮನೆಯ ಮುಂದೆ ನೆರೆಯುವುದು ನನಗೆ ಗೊತ್ತಿಲ್ಲವೇ? ಸದ್ದು, ಸದ್ದು! ಮುಂದಿನವರು ಕೂತುಕೊಳ್ಳಿ, ಹಿಂದಿನವರಿಗೂ ಕಾಣಲಿ. ಮಗಳೇ ಸೇವಂತೀ, ಗಂಟಲು ಸರಿಮಾಡಿಕೊಂಡು ಕೊನೆಯ ಸಾಲಿಗೂ ಕೇಳುವಂತೆ ಓದು.

ಪ್ರೀತಿಯ ಅಕ್ಕಾ ಶರಣವ್ವಾ, ನಿನ್ನ ತಮ್ಮನ ನಮಸ್ಕಾರಗಳು. ಮೊಣಕಾಲು ನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತೀಯೋ, ಇಲ್ಲ ಸೇವಂತಿಗೆ ಓದುವುದಿದೆ ಎಂದು ಸುಮ್ಮನಾಗುತ್ತೀಯೋ? ಎರಡು ಹೊತ್ತು ಉಣ್ಣುತ್ತೀಯಾ? ನಿದ್ದೆ ಬರುತ್ತದೆಯೇ ಎಂದು ಮಾತ್ರ ಕೇಳುವುದಿಲ್ಲ. ಅದಕ್ಕೆ ನೀನು ಕೊಡುವ ಉತ್ತರ ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಶ್ರಾವಣದಲ್ಲಿ ನಿನ್ನ ಯಜಮಾನರು, ನಮ್ಮ ಶಂಕ್ರೆಪ್ಪ ಮಾವ, ಇಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ನೀನು ಬರೆಸಿದ ಮೂರು ಕಾಗದಗಳಲ್ಲೂ ಎರಡೇ ಮಾತು. ಒಂದು: “ಅವರದೊಂದು ಫೋಟೋ ಕಳಸು ತಮ್ಮಾ, ಗ್ವಾಡಿಗೆ ಹಾಕಾಕ ಒಂದು ಮಾರಿ ಇಲ್ಲ.” ಇನ್ನೊಂದು: “ಎಡಾ ಇದ್ದದ್ದನ್ನ ಬಲಾ ಮಾಡಿದಾವನ ಕೈ ಸೇದಿ ಹೋಗ್ಲಿ.” ಎರಡಕ್ಕೂ ಈ ಕಾಗದದಲ್ಲಿ ಉತ್ತರ ಕೊಡುತ್ತೇನೆ. ನಿಧಾನವಾಗಿ ಕೊಡುತ್ತೇನೆ, ಸಿಟ್ಟಾಗಬೇಡ.

ಪರಪ್ಪ ಮುಂಬಯಿಯಲ್ಲಿ ಏನು ಕಿಸಿಯುತ್ತಾನೆ ಎಂದು ಓಣಿಯಲ್ಲಿ ಕೆಲವರು ಕೇಳುತ್ತಾರಂತೆ. ಕೇಳಿರಿ ಹಾಗಾದರೆ! ಹದಿನಾರು ವರ್ಷ ನಾಟಕ ಕಂಪನಿಯಲ್ಲಿ ಕಿರೀಟ ಹೊತ್ತು ಗರ್ಜಿಸಿದ ಈ ಪರಪ್ಪ, ಕಂಪನಿ ಮುಳುಗಿದ ಮೇಲೆ, ಅಂಧೇರಿಯ ಒಂದು ಸಂಶೋಧನಾಲಯದ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಾನೆ. ಅಲ್ಲಿ ಪ್ರೇಕ್ಷಕರಿಲ್ಲ, ಚಪ್ಪಾಳೆಯಿಲ್ಲ. ಒಂದು ಕೆಂಪು ಬಲ್ಬು, ಮೂರು ತೊಟ್ಟಿ, ಮೂಗು ಸುಡುವ ಹುಳಿ ವಾಸನೆ. ಆದರೆ ಆ ತೊಟ್ಟಿಗೆ ಬಾರದ ಶಾಸ್ತ್ರವಿಲ್ಲ. ಬಲೂನಿಗೆ ಕಟ್ಟಿ ಆಕಾಶಕ್ಕೆ ಬಿಟ್ಟ ಗಾಜಿನ ಪ್ಲೇಟು ಬರುತ್ತದೆ. ತೊಳೆದರೆ, ಎಲ್ಲೋ ಸೂರ್ಯನಾಚೆಯಿಂದ ಬಂದ ಕಿರಣ ಇರುವೆ ಸಾಲಿನಂತೆ ಹೆಜ್ಜೆ ಮೂಡಿಸಿ ಹೋಗಿರುತ್ತದೆ. ಉಪ್ಪಿನ ಹರಳಿನೊಳಗೆ ಎಕ್ಸ್‌ರೇ ಹಾಯಿಸಿದ ಫಿಲ್ಮು ಬರುತ್ತದೆ. ತೊಳೆದರೆ ಚುಕ್ಕಿ ರಂಗೋಲಿ, ಅದನ್ನು ಅಳೆದು ಹರಳಿನೊಳಗೆ ಅಣುಗಳು ಹೇಗೆ ಸಾಲುಗಟ್ಟಿ ಕೂತಿವೆ ಎಂದು ಹೇಳುತ್ತಾರೆ. ಕಲ್ಲಿನವರು ಕಲ್ಲನ್ನು ಹಪ್ಪಳಕ್ಕಿಂತ ತೆಳ್ಳಗೆ ತೇದು ಅದರ ಚಿತ್ರ ತರುತ್ತಾರೆ, ಗಿಡದವರು ಈರುಳ್ಳಿ ಬೇರಿನ ತುದಿಯನ್ನು ಸಾವಿರ ಪಟ್ಟು ಹಿಗ್ಗಿಸಿ ತರುತ್ತಾರೆ. ಇವೆಲ್ಲವನ್ನೂ ಲೋಕದಲ್ಲಿ ಮೊದಲು ಕಂಡ ಕಣ್ಣು ಯಾರದು? ನನ್ನದು! ಅಚ್ಚಾದ ಲೇಖನದಲ್ಲಿ ಹೆಸರು ಯಾರದು? ಬೇಡ ಬಿಡಿ. ಪರದೆ ಎಳೆಯುವವನ ಹೆಸರನ್ನು ನಮ್ಮ ಕಂಪನಿಯೂ ಹಸ್ತಪತ್ರಿಕೆಯಲ್ಲಿ ಹಾಕುತ್ತಿರಲಿಲ್ಲ.

ಮಿಲ್ಲಿನ ಹತ್ತಿ ಧೂಳು ಮನುಷ್ಯನ ಎದೆಗೆ ಏನು ಮಾಡುತ್ತದೆಂದು ತಿಳಿಯಲು ನಮ್ಮ ದೊಡ್ಡ ಸಾಹೇಬರು, ಬೆಂಗಳೂರಿನ ರಾಮಸ್ವಾಮಿಯವರು, ಆರುನೂರು ಕೆಲಸಗಾರರ ಎಕ್ಸ್‌ರೇ ತೆಗೆಸಿದರು. ಇಲ್ಲಿನ ಮಿಲ್ಲಿನಲ್ಲಿ ದುಡಿಯುತ್ತಿದ್ದ ಮಾವನೂ ಅವರಲ್ಲಿ ಒಬ್ಬರು. ಯಂತ್ರ ನಡೆಸಿದವನು ಮಂಗಳೂರು ಕಡೆಯ ಪೂವಪ್ಪ. ಇದು ಬಲವೆಂಬ ಗುರುತಿಗೆ ಎದೆಯ ಬಲಬದಿಗೆ ಸೀಸದ ಒಂದು ಅಕ್ಷರ ಇಡುವುದೂ ಅವನದೇ ಕೆಲಸ. ಅದು ಫಿಲ್ಮಿನ ಅಂಚಿನಲ್ಲಿ ಮೂಡುತ್ತದೆ. ಮಾವನ ಒಂದು ಶ್ವಾಸಕೋಶದ ತುದಿಯಲ್ಲಿ ಮೋಡದಂಥ ಕಲೆ ಕಂಡಿತು, ಕ್ಷಯ. ಕೆಟ್ಟ ಶ್ವಾಸಕೋಶಕ್ಕೆ ವಿಶ್ರಾಂತಿ ಸಿಗಲೆಂದು ಆ ಬದಿಯ ಎದೆಗೂಡಿಗೆ ಸೂಜಿಯಿಂದ ಗಾಳಿ ತುಂಬಿ ಅದನ್ನು ಮುದುಡಿಸುತ್ತಾರೆ. ನಮ್ಮಲ್ಲಿಂದ ಆಸ್ಪತ್ರೆಗೆ ಹೋದ ಚಿತ್ರ ‘ಬಲ’ ಎಂದಿತು. ಮಾವ ಎಡಕ್ಕೆ ಕೈಯಿಟ್ಟು, “ನೋವು ಇತ್ತಾಗ ಐತ್ರೀ ಸಾಹೇಬ್ರ” ಎಂದರಂತೆ. “ಫೋಟೋಕ್ಕಿಂತ ನಿನಗೇ ಜಾಸ್ತಿ ಗೊತ್ತೇನು?” ಎಂದರಂತೆ ಡಾಕ್ಟರು. ಎದೆಗೆ ಕಿವಿಗೊಟ್ಟು ಕೇಳುವ ಯಂತ್ರ ಅವರ ಕೊರಳಲ್ಲೇ ತೂಗುತ್ತಿತ್ತು, ಅಕ್ಕಾ! ನಕ್ಷತ್ರದಾಚೆಯದು ಕಾಣುತ್ತದೆ, ಕಲ್ಲಿನ ಹೊಟ್ಟೆಯೊಳಗಿನದು ಕಾಣುತ್ತದೆ, ಎದುರಿಗೆ ಕೈಯೊಡ್ಡಿ ಹೇಳುವ ಮನುಷ್ಯ ಕಾಣುವುದಿಲ್ಲ. ಒಳ್ಳೆಯ ಶ್ವಾಸಕೋಶವನ್ನು ಮುದುಡಿಸಿದರು. ಉಳಿದದ್ದು ಕೆಟ್ಟದ್ದು. ಹನ್ನೊಂದು ದಿನ ಅದರಲ್ಲೇ ಉಸಿರಾಡಿದರು ನಮ್ಮ ಮಾವ.

ವಿಚಾರಣೆ ನಡೆಯಿತು. ಮೂಲ ಫಿಲ್ಮು ಎಲ್ಲಿಯೂ ಸಿಗಲಿಲ್ಲ. “ಪೂವಪ್ಪನೇ ಅಕ್ಷರವನ್ನು ತಪ್ಪು ಬದಿಗೆ ಇಟ್ಟಿದ್ದ” ಎಂದು ಸಾಕ್ಷಿ ಹೇಳಿದವನು ನಾನು. ನನ್ನ ದನಿ ನಿಮಗೆಲ್ಲ ಗೊತ್ತಲ್ಲ. ಆ ಕೋಣೆಯಲ್ಲಿ ಬೇರೆ ಯಾರ ದನಿಯೂ ಏಳಲಿಲ್ಲ. ಹತ್ತು ವರ್ಷ ಯಂತ್ರದ ಮುಂದೆ ನಿಂತವನನ್ನು ಒಂದು ಸಂಜೆಯಲ್ಲಿ ಹೊರಗೆ ಹಾಕಿದರು. ಈಗ ಜೋಗೇಶ್ವರಿ ಸ್ಟೇಷನ್ನಿನ ಹತ್ತಿರ ತನ್ನ ಊರಿನವರ ಹೋಟೆಲಿನಲ್ಲಿ ಮೇಜು ಒರೆಸುತ್ತಾನೆ. ನಾನು ಚಹಾಕ್ಕೆ ಹೋದರೆ ಕಪ್ಪು ಇಟ್ಟು ಅಲ್ಲೇ ನಿಲ್ಲುತ್ತಾನೆ: “ಪರಪ್ಪಣ್ಣ, ನಾನು ಅಕ್ಷರ ಸರಿಯೇ ಇಟ್ಟದ್ದು ಮಾರಾಯ್ರೆ. ನೀವು ಸಹ ನಂಬುದಿಲ್ವಾ?” ನಾನು ಚಹಾ ಊದಿಕೊಂಡು ಕುಡಿದು ಬರುತ್ತಿದ್ದೆ.

ಇರಲಿ, ತುಂಬ ಅಳಿಸಿದೆ. ಕಂಪನಿಯ ಪದ್ಧತಿಯಂತೆ ನಡುವೆ ಒಂದು ಹಾಸ್ಯದ ಪ್ರವೇಶ ಬೇಡವೇ? ನಮ್ಮಲ್ಲಿ ಮೈಸೂರಿನ ಕೌಸಲ್ಯಾ ಬಾಯಿಯವರಿದ್ದಾರೆ, ಏಡಿಗಳ ಪಂಡಿತೆ. ಇಲ್ಲಿನ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಕೆಸರಿನಲ್ಲಿ ಒಂದು ಜಾತಿಯ ಏಡಿ; ಅದರ ಗಂಡಿಗೆ ಒಂದು ಕೈ ಗದೆಯಷ್ಟು ದೊಡ್ಡದು, ಇನ್ನೊಂದು ಕಡ್ಡಿಯಷ್ಟು. ಎಷ್ಟಕ್ಕೆ ಬಲಗೈ ದೊಡ್ಡದು, ಎಷ್ಟಕ್ಕೆ ಎಡಗೈ ಎಂಬುದು ಅವರ ಸಂಶೋಧನೆ. ನಲವತ್ತು ಏಡಿಗಳನ್ನು ಅಂಗಾತ ಮಲಗಿಸಿ ಫೋಟೋ ತೆಗೆಸಿ, ದೊಡ್ಡ ಕೈಯ ಪಕ್ಕದಲ್ಲಿ ಬಲವೋ ಎಡವೋ ಬರೆಯಲು ನನಗೆ ಕೊಟ್ಟರು. ಬಿಳಿ ಶಾಯಿಯಲ್ಲಿ ಮುತ್ತಿನಂತೆ ಬರೆದುಕೊಟ್ಟೆ. ಕಳೆದ ಬುಧವಾರ ಆಯಮ್ಮ ನಕ್ಕಿದ್ದೇ ನಕ್ಕಿದ್ದು. “ಏನ್ರೀ ಪರಪ್ಪನೋರೆ, ನಲವತ್ತಕ್ಕೆ ನಲವತ್ತೂ ಉಲ್ಟಾ! ಏಡಿ ನಿಮ್ಮ ಕಡೆ ಹೊಟ್ಟೆ ಮಾಡ್ಕೊಂಡು ಮಲಗಿದೆ. ಅದರ ಬಲಗೈ ಬೇಕು ನಂಗೆ, ನಿಮ್ಮ ಬಲಗೈ ಯಾರಿಗ್ರೀ ಬೇಕು?” ನಾನೇನು ಮಾಡಲಿ! ತಾಲೀಮಿನಲ್ಲಿ ಕಂಪನಿ ಮಾಲೀಕರು ಪ್ರೇಕ್ಷಕರ ಜಾಗದಲ್ಲಿ ಕೂತು “ಬಲಕ್ಕ ಬಾರಲೇ” ಎಂದರೆ ಅವರ ಬಲಕ್ಕೇ ಹೋಗಬೇಕು. ನನ್ನ ಬಲಕ್ಕೆ ಹೋದಾಗಲೆಲ್ಲ ಬೆತ್ತ ಬಿತ್ತು. ಎದುರಿಗೆ ಕೂತು ನೋಡುವವನ ಬಲವೇ ಬಲವೆಂದು ಹದಿನಾರು ವರ್ಷ ಬೆನ್ನಿಗೆ ಬರೆಸಿಕೊಂಡವನು ನಾನು. ನಗಿರಿ, ಎಲ್ಲರೂ ನಗಿರಿ. ನಲವತ್ತು ಏಡಿಗಳನ್ನು ಮತ್ತೆ ಅಚ್ಚು ಹಾಕಿ, ಸರಿಯಾಗಿ ಬರೆದುಕೊಟ್ಟೆ. ಏಡಿಗಳಿಗೇನೂ ಆಗಲಿಲ್ಲ.

ಅಕ್ಕಾ, ಶಿವ ನಿನ್ನನ್ನು ಕಾಯಲಿ. ಸೇವಂತಿ ಚೆನ್ನಾಗಿ ಓದಿ ನಿನ್ನ ಹೆಗಲಾಗಲಿ. ನೆರೆದವರಿಗೆಲ್ಲ ನನ್ನ ಶರಣು. ಆಟ ಮುಗಿಯಿತು, ಇನ್ನು ಏಳಿರಿ, ನಿಮ್ಮ ನಿಮ್ಮ ಮನೆಗೆ ನಡೆಯಿರಿ.

ನಿನ್ನ ತಮ್ಮ,
ಪರಪ್ಪ

ತಾ.ಕ.: ಸೇವಂತೀ, ಇದನ್ನು ಗಟ್ಟಿಯಾಗಿ ಓದಬೇಡ. ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ ಅವ್ವನ ಕಿವಿಯಲ್ಲಿ ಓದು. ನಿನ್ನ ಬಾಯಿಂದ ಇದನ್ನು ಓದಿಸುತ್ತಿದ್ದೇನೆ, ಮಗಳೇ. ಓದಿಸಲು ಬೇರೆ ಯಾರೂ ಇಲ್ಲ. ಅಕ್ಕಾ, ಆಸ್ಪತ್ರೆಗೆ ಹೋದ ಚಿತ್ರವನ್ನು ಫಿಲ್ಮಿನಿಂದ ಹಿಗ್ಗಿಸಿ ತೆಗೆದವನು ನಾನು. ನಮ್ಮ ಮಾವನದು, ಡಾಕ್ಟರಿಗೆ ಕಲೆ ಚೆನ್ನಾಗಿ ಕಾಣಲಿ ಎಂಬ ಪ್ರೀತಿಯಿಂದ ಮೇಲಿನ ಭಾಗವನ್ನಷ್ಟೇ ದೊಡ್ಡದು ಮಾಡಿದೆ. ಕೆಳಗೆ ಹೃದಯವಿದ್ದರೆ ಬದಿ ಯಾರಿಗಾದರೂ ತಿಳಿಯುತ್ತಿತ್ತು, ಅದನ್ನೇ ಕತ್ತರಿಸಿದೆ. ಅಂಚಿನ ಅಕ್ಷರ ನನ್ನ ಎಡಕ್ಕೆ ಕಂಡಿತು. ಪೂವಪ್ಪ ತಪ್ಪಿದ್ದಾನೆ, ಬೈಸಿಕೊಳ್ಳುತ್ತಾನೆ ಎಂದು ಅದನ್ನೂ ಆ ಚಿತ್ರದಿಂದ ಕತ್ತರಿಸಿ, ನನ್ನ ಬಲಕ್ಕಿದ್ದ ಕಲೆಯ ಮೇಲೆ ‘ಬಲ’ ಎಂದು ಬಿಳಿ ಶಾಯಿಯಲ್ಲಿ ನಾನೇ ಬರೆದೆ. ಫಿಲ್ಮಿನಲ್ಲಿ ಮಾವ ನನ್ನ ಎದುರಿಗೆ ನಿಂತಿದ್ದರು, ಏಡಿಯಂತೆ. ಬುಧವಾರದವರೆಗೆ ನನಗಿದು ತಿಳಿದಿರಲಿಲ್ಲ; ಪೂವಪ್ಪನ ತಪ್ಪಿನಿಂದಲೇ ನನ್ನ ಬರಹವೂ ತಪ್ಪಿತೆಂದು ಮನಸ್ಸನ್ನು ನಂಬಿಸಿಕೊಂಡಿದ್ದೆ. ಆಣೆ ಇಡುವುದಿಲ್ಲ, ನಂಬಿದರೆ ನಂಬು. ಆದರೆ ಫಿಲ್ಮು ಎಲ್ಲಿದೆ ಎಂದು ವಿಚಾರಣೆಯಲ್ಲಿ ಕೇಳಿದಾಗ ಗೊತ್ತಿಲ್ಲವೆಂದದ್ದು ತಿಳಿದೇ ಆಡಿದ ಸುಳ್ಳು. ಅದು ನನ್ನ ಟ್ರಂಕಿನಲ್ಲಿತ್ತು. ಮಾವನ ಮುಖದ ಫೋಟೋ ಲೋಕದಲ್ಲಿ ಎಲ್ಲಿಯೂ ಇಲ್ಲ, ಅಕ್ಕಾ. ಅವರದೆಂದು ಉಳಿದಿರುವುದು ಇದೊಂದೇ, ಬರೀ ಪಕ್ಕೆಲುಬು. ನಿನಗೆ ಕೊಡಬೇಕೆಂದು ಎತ್ತಿಟ್ಟುಕೊಂಡಿದ್ದೆ. ಈಗ ಕೊಡಲಾರೆ. ಅದರ ಅಂಚಿನಲ್ಲಿ ಪೂವಪ್ಪನ ಅಕ್ಷರ ಇರಬೇಕಾದಲ್ಲೇ ಇದೆ. ನಿನ್ನ ಶಾಪವನ್ನು ಹಿಂದಕ್ಕೆ ತೆಗೆದುಕೊಳ್ಳಬೇಡ, ಅದರ ವಿಳಾಸವನ್ನಷ್ಟೇ ತಿದ್ದು. ನಾಳೆ ಬೆಳಿಗ್ಗೆ ಮೊದಲು ಆ ಹೋಟೆಲಿಗೆ ಹೋಗುತ್ತೇನೆ. ಪೂವಪ್ಪನ ಕೈಯಿಂದ ಒರೆಸುವ ಬಟ್ಟೆ ಇಳಿಸಿ ಆ ಕೈಗೆ ಫಿಲ್ಮು ಕೊಟ್ಟು, ಅವನ ಜೊತೆ ಲೋಕಲ್ ಹತ್ತಿ ಅಂಧೇರಿಗೆ ಹೋಗಿ, ರಾಮಸ್ವಾಮಿ ಸಾಹೇಬರ ಮೇಜಿನ ಮುಂದೆ ನಿಂತು, ನಾನು ಬರೆದದ್ದನ್ನೂ ಆಡಿದ್ದನ್ನೂ ಹೇಳುತ್ತೇನೆ, ಮೆಲ್ಲಗೆ.