ಕೆಳಗಿನ ಹೋಟೆಲ್ಲಿನ ತಂಗಳು, ಮೇಲಿನ ಮನೆಯ ಫ್ರಿಜ್ಜು

ಆಹಾರ ಸುರಕ್ಷತಾ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ನಮ್ಮ ಮನೆಯ ಕೆಳಗಿರುವ ಹೋಟೆಲ್ಲಿಗೆ ನೀವು ಈ ವರ್ಷವೂ ‘ಅತ್ಯುತ್ತಮ’ ದರ್ಜೆ ಕೊಟ್ಟಿದ್ದೀರಿ. ಆ ಹೋಟೆಲ್ಲಿನ ಕೋಳಿ ತಿಂದು ಆಸ್ಪತ್ರೆ ಸೇರಿದ ನನ್ನ ಚಿಕ್ಕಮ್ಮನ ಅಡುಗೆಮನೆಯನ್ನು ಮುಚ್ಚಿಸಿದ್ದೀರಿ. ಎರಡು ಕಾಗದದ ಮೇಲೂ ಇರುವುದು ಒಂದೇ ಸಹಿ. ನಿಮ್ಮ ಕಚೇರಿಗೆ ಬರೆದ ದೂರು ಬರೆದವರ ಮೇಲೆಯೇ ತಿರುಗಿ ಬೀಳುತ್ತದೆ ಎಂದು ಈಗ ತಿಳಿದಿರುವುದರಿಂದ, ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನೆಲಮಟ್ಟದಲ್ಲಿ ಹೋಟೆಲ್, ಅದರ ಮೇಲೆ ನಮ್ಮ ಮನೆ, ನಮ್ಮ ಮೇಲೆ ಬರೀ ತಾರಸಿ. ಹಿಂದಿನ ಮೆಟ್ಟಿಲು ಇಬ್ಬರಿಗೂ ಒಂದೇ. ಚಿಕ್ಕಮ್ಮ ನಮ್ಮ ಅಡುಗೆಮನೆಯಲ್ಲೇ ಸುತ್ತಲಿನ ಕಚೇರಿಗಳವರಿಗೆ ಮಧ್ಯಾಹ್ನದ ಊಟದ ಡಬ್ಬಿ ಕಟ್ಟುತ್ತಿದ್ದರು. ನಿಮ್ಮಲ್ಲೇ ನೋಂದಣಿ ಮಾಡಿಸಿದ್ದರು. ಅವರ ಡಬ್ಬಿ ಉಂಡು ಯಾರೂ ಹಾಸಿಗೆ ಹಿಡಿದಿಲ್ಲ. ಆಗೊಮ್ಮೆ ಈಗೊಮ್ಮೆ ಹೋಟೆಲ್ ಮಾಲೀಕ ಹಿಂಬಾಗಿಲು ತಟ್ಟುತ್ತಿದ್ದ.

“ಅಕ್ಕ, ಕೆಳಗೆ ಫ್ರಿಜ್ ತೊಳೀತಿದೀವಿ. ಮಧ್ಯಾಹ್ನದವರೆಗೆ ನಾಕು ಡಬ್ಬಿ ಇಟ್ಟಿರ್ತೀರಾ?”

“ಅದಕ್ಕೇನಪ್ಪ, ಕೆಳಗಿನ ಅರೆ ಖಾಲೀನೇ ಇದೆ, ತಾ.”

ಫ್ರಿಜ್ಜನ್ನು ಇಷ್ಟು ಶ್ರದ್ಧೆಯಿಂದ ತೊಳೆಯುವ ಹೋಟೆಲ್ಲಿನವನನ್ನು ಕಂಡೇ ಇಲ್ಲ ಎಂದು ಚಿಕ್ಕಮ್ಮ ಹೊಗಳಿದ್ದೂ ಉಂಟು. ಆ ಶ್ರದ್ಧೆ ಹುಟ್ಟುತ್ತಿದ್ದುದು ನಿಮ್ಮ ಜೀಪು ಬರುವ ದಿನ ಮಾತ್ರ ಎಂಬುದು ನಮಗೆ ಹೊಳೆದದ್ದು ತಡವಾಗಿ. ಒಮ್ಮೆ ರಜೆಯಿದ್ದ ದಿನ ಬಾಲ್ಕನಿಯಿಂದ ನಾನೇ ನೋಡಿದ್ದೆ, ಆಗ ಅರ್ಥವಾಗಿರಲಿಲ್ಲ. ಹಿಂದಿನ ಮೆಟ್ಟಿಲಲ್ಲಿ ಡಬ್ಬಿಗಳು ಮೇಲೆ ಬಂದವು, ಆಮೇಲೆ ಮುಂಬಾಗಿಲಿನಿಂದ ತಾವು ಒಳಗೆ ಹೋದಿರಿ. ನಿಮ್ಮನ್ನು ಎದುರುಗೊಂಡ ಅಡುಗೆಯವರ ತಲೆಯ ಮೇಲಿನ ಬಿಳಿ ಟೋಪಿಗಳಲ್ಲಿ ಇನ್ನೂ ಮಡಿಕೆಯ ಗೆರೆ ಹೋಗಿರಲಿಲ್ಲ. ಫಿನಾಯಿಲ್ ವಾಸನೆ ನಮ್ಮ ಮಲಗುವ ಕೋಣೆಯವರೆಗೂ ಏರಿತ್ತು. ಬಹಳ ಹೊತ್ತಿನ ಮೇಲೆ ನೀವು ಹಲ್ಲಿಗೆ ಕಡ್ಡಿ ಹಾಕುತ್ತ ಹೊರಬಂದಿರಿ. ನಿಮಗೆ ಬಡಿಸಿದ್ದು ಅಂದೇ ಬೇಯಿಸಿದ್ದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ತಾವು ಮರುದಿನ ಕೆಲಸಕ್ಕೆ ಹಾಜರಾಗಿದ್ದೇ ಅದಕ್ಕೆ ಸಾಕ್ಷಿ.

ಕಳೆದ ತಪಾಸಣೆಯ ದಿನ ಡಬ್ಬಿಗಳನ್ನು ವಾಪಸು ಒಯ್ಯುವಾಗ ಮಾಲೀಕ ಒಂದನ್ನು ಬಿಟ್ಟುಹೋದ. “ಇದು ನಿಮಗೇ ಅಕ್ಕ. ಯಾವಾಗ್ಲೂ ತೊಂದ್ರೆ ಕೊಡ್ತಿರ್ತೀವಿ,” ಎಂದನಂತೆ. ಒಳಗೆ ಬೇಯಿಸಿದ ಕೋಳಿ. ನಿಮ್ಮ ಕಣ್ಣಿಗೆ ಬೀಳಬಾರದೆಂದು ಮೇಲೆ ಹತ್ತಿಸಿದ್ದನ್ನು ನಮ್ಮ ಬಾಯಿಗೆ ಬೀಳಲೆಂದು ಉಡುಗೊರೆ ಕೊಟ್ಟ. ಮಸಾಲೆ ಎಷ್ಟಿತ್ತೆಂದರೆ ವಾಸನೆ ಬಾಯಿ ಬಿಡಲು ಜಾಗವೇ ಇರಲಿಲ್ಲ. ಕೊಟ್ಟದ್ದನ್ನು ಚೆಲ್ಲುವುದು ಚಿಕ್ಕಮ್ಮನ ಜಾಯಮಾನವಲ್ಲ. ಬಿಸಿ ಮಾಡಿ ಅರ್ಧ ತಿಂದರು, ಅರ್ಧ ನನಗೆಂದು ಎತ್ತಿಟ್ಟರು. ಸಂಜೆ ನಾನು ಮನೆಗೆ ಬಂದಾಗ ಅವರು ಬಚ್ಚಲ ಗೋಡೆ ಹಿಡಿದು ಕೂತಿದ್ದರು, ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, “ಏನ್ ತಿಂದ್ರಿ?” ಎಂದು ಕೇಳಿದರು.

“ದಾಕ್ಷಿಣ್ಯ ಡಾಕ್ಟ್ರೇ,” ಎಂದರು ಚಿಕ್ಕಮ್ಮ.

ಉಳಿದ ಅರ್ಧವನ್ನು ಅದೇ ಡಬ್ಬಿಯಲ್ಲಿ ಮುಚ್ಚಿಕೊಂಡು ನಾನು ನಿಮ್ಮ ಕಚೇರಿಗೆ ಹೋದೆ. ಮುಚ್ಚಳದ ಮೇಲೆ ಹೋಟೆಲ್ಲಿನ ಹೆಸರು ಕೆತ್ತಿದೆ, ಕನ್ನಡಕವಿಲ್ಲದೆಯೂ ಓದಬಹುದು. ನಿಮ್ಮ ಗುಮಾಸ್ತರು ಅದನ್ನು ಮುಟ್ಟಲಿಲ್ಲ.

“ಇದು ಎಲ್ಲಿ ಸಿಕ್ತು ಮೇಡಂ?”

“ನಮ್ಮನೆ ಫ್ರಿಜ್ಜಲ್ಲಿ. ಆದ್ರೆ ಇದು ಹೋಟೆಲ್ಲಿಂದು.”

“ಹೋಟೆಲ್ಲಲ್ಲಿ ಸಿಕ್ಕಿದ್ರೆ ಹೋಟೆಲ್ಲಿಂದು. ನಿಮ್ಮನೇಲಿ ಸಿಕ್ಕಿದ್ರೆ ನಿಮ್ದು.”

ಇದು ಗುಮಾಸ್ತರ ತಮಾಷೆ ಎಂದುಕೊಂಡೆ. ನಿಮ್ಮ ಲಿಖಿತ ಉತ್ತರ ಬಂದಾಗ ತಿಳಿಯಿತು, ಅದು ಇಲಾಖೆಯ ಸಿದ್ಧಾಂತ. ತಪಾಸಣೆಯ ದಿನ ಹೋಟೆಲ್ಲಿನಲ್ಲಿ ಕೆಟ್ಟ ಆಹಾರ ಕಂಡುಬಂದಿಲ್ಲ ಎಂದು ಬರೆದಿದ್ದೀರಿ. ನಿಜ, ಅದು ನಮ್ಮಲ್ಲಿತ್ತು. ದೂರುದಾರರ ಸ್ವಂತ ಹೇಳಿಕೆಯಂತೆ ಕೆಟ್ಟ ಆಹಾರ ಅವರ ನೋಂದಾಯಿತ ಅಡುಗೆಮನೆಯಲ್ಲೇ ಇದ್ದುದರಿಂದ ನೋಂದಣಿಯನ್ನು ಅಮಾನತಿನಲ್ಲಿಡಲಾಗಿದೆ ಎಂದೂ ಬರೆದಿದ್ದೀರಿ. ಕಳವಾದ ಸರವನ್ನು ಠಾಣೆಗೆ ತಂದುಕೊಟ್ಟವನನ್ನೇ ಕಳ್ಳನೆಂದು ಒಳಗೆ ಹಾಕಿದಂತಾಯಿತಲ್ಲವೇ? ಮುಚ್ಚಳದ ಮೇಲಿನ ಹೆಸರು ಯಾರದೆಂದು ಒಮ್ಮೆಯಾದರೂ ನೋಡಿದಿರಾ? ಯಾರಿಗೂ ತಿಳಿಯಬಾರದ ನಿಮ್ಮ ಭೇಟಿಯ ದಿನ, ನಿಮ್ಮ ಜೀಪಿಗಿಂತ ಮೊದಲೇ ಮಾಲೀಕನ ಕಿವಿ ಮುಟ್ಟುವುದು ಹೇಗೆ? ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದ ಕಾದಂಬರಿಗಳಲ್ಲಿ ಇಂಥ ಅಧಿಕಾರಿಗಳನ್ನು ಓದಿ, ಅನುವಾದಕರು ಸ್ವಲ್ಪ ಹೆಚ್ಚಿಗೆ ಸೇರಿಸಿದ್ದಾರೆ ಎಂದುಕೊಳ್ಳುತ್ತಿದ್ದೆ. ಆ ಅನುವಾದಕರ ಕ್ಷಮೆ ಕೇಳುತ್ತೇನೆ. ಅವರು ಕಡಿಮೆಯೇ ಮಾಡಿದ್ದರು.

ಈಗ ಚಿಕ್ಕಮ್ಮನ ಊಟದ ಡಬ್ಬಿಗಳು ಬಾಲ್ಕನಿಯಲ್ಲಿ ಬೋರಲು ಬಿದ್ದು ಧೂಳು ಹಿಡಿದಿವೆ. ಅವುಗಳಲ್ಲಿ ಉಣ್ಣುತ್ತಿದ್ದವರು ಮಧ್ಯಾಹ್ನವಾದರೆ ಕೆಳಗಿನ ಹೋಟೆಲ್ಲಿನ ಮುಂದೆ ಸಾಲು ನಿಲ್ಲುತ್ತಾರೆ. ಅವರನ್ನು ದೂರುವಂತಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ, ಗಾಜಿನ ಚೌಕಟ್ಟಿನಲ್ಲಿ ನಿಮ್ಮ ‘ಅತ್ಯುತ್ತಮ’ ಹೊಳೆಯುತ್ತಿದೆ. ಅವರು ನಂಬುತ್ತಿರುವುದು ಮಾಲೀಕನನ್ನಲ್ಲ, ನಿಮ್ಮನ್ನು. ಅವರಲ್ಲಿ ಯಾರು ಯಾವ ದಿನ ಬಚ್ಚಲ ಗೋಡೆ ಹಿಡಿದು ಕೂರುತ್ತಾರೋ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿರುವ ಅಗತ್ಯವಿಲ್ಲ.

ಮೊನ್ನೆ ಮಾಲೀಕ ಮತ್ತೆ ಹಿಂಬಾಗಿಲು ತಟ್ಟಿದ. ಡಬ್ಬಿ ತಂದಿರಲಿಲ್ಲ, ಕನಿಕರ ತಂದಿದ್ದ. “ಅಕ್ಕ, ಸುಮ್ನೆ ಯಾಕೆ ಕೂತಿರ್ತೀರಿ? ನಿಮ್ಮ ಕೈರುಚಿ ನನಗೆ ಗೊತ್ತಿಲ್ವಾ? ನಮ್ಮಲ್ಲೇ ಅಡುಗೆಗೆ ಬಂದ್ಬಿಡಿ.”

ಚಿಕ್ಕಮ್ಮ ಬಾಗಿಲಿಗೆ ಒರಗಿ ನಿಂತು ಅವನನ್ನು ನಿಧಾನವಾಗಿ ನೋಡಿದರು. “ಬರ್ತೀನಪ್ಪ. ಆಫೀಸರು ಬಂದ ದಿನ ನನ್ನನ್ನ ಯಾರ ಮನೆ ಫ್ರಿಜ್ಜಲ್ಲಿ ಇಡ್ತೀಯ?”

ಅವನು ಇಳಿದುಹೋದ ಮೇಲೆ ಚಿಕ್ಕಮ್ಮ ನಗಲಿಲ್ಲ. ಒಲೆಯನ್ನು ಒರೆಸಿದರು. ಹಚ್ಚದ ಒಲೆಯನ್ನು ದಿನವೂ ಒರೆಸುತ್ತಾರೆ.

ಆದ್ದರಿಂದ ಮಾನ್ಯರೇ, ಚಿಕ್ಕಮ್ಮನ ನೋಂದಣಿಯನ್ನು ಹಿಂತಿರುಗಿಸಿ. ಆ ಚೌಕಟ್ಟನ್ನು ಗೋಡೆಯಿಂದ ಇಳಿಸಿ. ಹೋಟೆಲ್ಲಿನ ಹೆಸರಿರುವ ಡಬ್ಬಿ, ಉಳಿದ ಅರ್ಧದ ಸಮೇತ, ನಮ್ಮ ಫ್ರೀಜರಿನಲ್ಲಿದೆ. ಮೆಟ್ಟಿಲು ಹತ್ತಿ ಬಂದು ಅದನ್ನು ಒಯ್ದು ಪರೀಕ್ಷೆ ಮಾಡಿಸಿ. ನಮ್ಮ ಅಡುಗೆಮನೆಯನ್ನೂ ಮೂಲೆ ಬಿಡದೆ ತಪಾಸಣೆ ಮಾಡಿ. ನೀವು ಬರುವ ದಿನ ನಮಗೆ ಮೊದಲೇ ತಿಳಿದರೂ ಚಿಂತೆಯಿಲ್ಲ. ನಮ್ಮ ಮೇಲೆ ಬೇರೆ ಮನೆಯಿಲ್ಲ.

ಇಂತಿ,
ನಿಮ್ಮ ಅತ್ಯುತ್ತಮ ಹೋಟೆಲ್ಲಿಗೆ
ಇಷ್ಟು ದಿನ ಸಂಬಳವಿಲ್ಲದೆ ಉಗ್ರಾಣ ಒದಗಿಸಿದ ಮನೆಯವಳು