ಮೊದಲ ಸೀಸೆ

ಚಿಕ್ಕಪ್ಪ,

ಗ್ಯಾರೇಜಿನಲ್ಲಿ ಎಣ್ಣೆ ಮೂಸಿಯೇ ಯಾವ ಗಾಡಿಯದೆಂದು ಹೇಳುವ ನಿಮ್ಮನ್ನೂ ಮೀರಿಸುವವರು ಇಲ್ಲಿದ್ದಾರೆ, ನಮ್ಮ ಲ್ಯಾಬಿನ ಮೇಡಂ. ಬಂದರಿನಲ್ಲಿ ಎಣ್ಣೆ ತೇಲಿ ಮೀನುಗಾರರ ಬಲೆಗಳು ಹಾಳಾದವು. ಆರು ಹಡಗಿನವರೂ ‘ನಮ್ಮದಲ್ಲ’ ಎಂದರು. ಮೇಡಂ ಎಲ್ಲರ ಎಣ್ಣೆಯನ್ನೂ ತರಿಸಿದರು. ಮೊದಲು ತಮ್ಮದನ್ನೇ ಪರೀಕ್ಷಿಸುವ ಅವರ ಪದ್ಧತಿಯಂತೆ ಮೊದಲ ಸೀಸೆಯಲ್ಲಿ ನಮ್ಮ ಲ್ಯಾಬಿನ ದೋಣಿಯ ಎಣ್ಣೆಯೇ. ‘ಬಿಸಿಲಲ್ಲಿ ಒಣಗಲಿ, ಉಪ್ಪುನೀರಲ್ಲಿ ನೆನೀಲಿ, ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೇ’ ಎನ್ನುತ್ತಾ ಬಲೆಗೆ ಅಂಟಿದ್ದ ಎಣ್ಣೆಯನ್ನೂ ಸೀಸೆಗಳದನ್ನೂ ಯಂತ್ರಕ್ಕೆ ಹಾಕಿದರು. ಬಲೆಯ ಎಣ್ಣೆ ಕಾಗದದ ಮೇಲೆ ಮೂಡಿಸಿದ ಏರಿಳಿತದ ಗೆರೆಗೆ ಹೊಂದಿದ್ದು ಮೊದಲ ಸೀಸೆಯೊಂದೇ. ಮೇಡಂ ಪೆನ್ನು ಕೇಳಿ, ವರದಿಯಲ್ಲಿ ನಮ್ಮ ದೋಣಿಯ ಹೆಸರನ್ನೇ ಬರೆದರು.

ಉಪ್ಪುನೀರಿಗೆ ಚರ್ಮ ಒಡೆದಿದ್ದ ನನ್ನ ಕೈ ವಾಸಿಯಾಗಿದೆ, ಅಮ್ಮನಿಗೆ ಹೇಳಿ. ಬಲೆಯವರ ಮನೆಗಳಿಗೆ ತಪ್ಪೊಪ್ಪಿಕೊಳ್ಳಲು ಹೊರಟ ಮೇಡಂ ಬಾಗಿಲಲ್ಲಿ ಕಾಯುತ್ತಿದ್ದಾರೆ. ನಾನೂ ಹೋಗಬೇಕು, ಆ ದೋಣಿಯ ಟ್ಯಾಂಕಿನ ನಲ್ಲಿ ಬಿಗಿ ಮಾಡುವ ಕೆಲಸ ನನ್ನದಾಗಿತ್ತು.

ನಿಮ್ಮ ಅಣ್ಣನ ಮಗಳು