ಪಟ್ಟಿಯಲ್ಲಿಲ್ಲದ ಎದೆನೋವು

ಡಿಸೆಂಬರ್ ಹತ್ತೊಂಬತ್ತು, ರಾತ್ರಿ.

ಎದೆಯ ಸ್ಕ್ಯಾನ್ ಕೂಡಲೇ ಮಾಡಿಸಿ ಎಂದು ಡಾಕ್ಟರು ಹೇಳಿ ನಾಲ್ಕು ದಿನವಾಯಿತು. ಮಾತ್ರೆ ನುಂಗಿದರೂ ಬಿಗಿತ ಬಿಟ್ಟಿಲ್ಲ.

ಕ್ರಿಸ್‌ಮಸ್ ಖರ್ಚಿನ ಪಟ್ಟಿಯನ್ನು ಒಂದನೇ ತಾರೀಖು ಕಪಾಟಿಗೆ ಅಂಟಿಸಿದ ಮೇಲೆ ಒಂದು ಸಾಲೂ ಸೇರಿಸಬಾರದು. ಈ ಮನೆಗೆ ಈ ಕಟ್ಟಳೆ ಹಾಕಿದವಳು ನಾನೇ. ಹೋದ ವರ್ಷ ಸೊಸೆ ಹಲ್ಲುನೋವೆಂದು ಅತ್ತಾಗ, "ಹಲ್ಲು ಪಟ್ಟಿಯಲ್ಲಿಲ್ಲ, ಲವಂಗ ಕಚ್ಕೋ" ಎಂದಿದ್ದೆ. ಹಬ್ಬದ ದಿನ ಅವಳ ಕೆನ್ನೆ ಬನ್ನಿನಂತೆ ಊದಿತ್ತು. ನೋಡಿ ನಕ್ಕಿದ್ದೂ ಉಂಟು.

ಇವತ್ತು ಊಟದ ಹೊತ್ತಿಗೆ ಮಗ ಸ್ಕ್ಯಾನಿನ ಮಾತೆತ್ತಿದ. ಸೊಸೆ ಕೈ ಒರೆಸಿಕೊಂಡು ಬಂದು, ಪಟ್ಟಿಯ ಮೇಲೆ ಬೆರಳಿಟ್ಟು ಓದಿದಳು. "ಕೇಕು, ಪರದೆ, ಮಗಳ ಶೂ... ನಿಮ್ಮ ಎದೆ ಎಲ್ಲೂ ಕಾಣ್ತಿಲ್ವಲ್ಲ ಅತ್ತೆ! ಲವಂಗ ಕೊಡ್ಲಾ?"

"ಕೊಡೇ ತಾಯಿ, ಅದಾದ್ರೂ ನನ್ನ ಜೊತೆ ಮಣ್ಣಿಗೆ ಬರ್ಲಿ" ಎಂದೆ.

"ಹಬ್ಬ ಒಂದು ಆಗ್ಲಿ ಬಿಡಮ್ಮ" ಎಂದ ಮಗ, ತಟ್ಟೆಯಿಂದ ತಲೆ ಎತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಇವತ್ತು ನನಗೆ ಬರೀ ಹೆಗ್ಗಣವೇ ಕಂಡಿತು.

ಆಮೇಲೆ ಮೊಮ್ಮಗಳು ನನ್ನ ಕೋಣೆಗೆ ಬಂದಳು. "ಅಜ್ಜಿ, ನಂಗೆ ಶೂ ಬೇಡ. ಆ ದುಡ್ಡಲ್ಲಿ ನೀನು ಡಾಕ್ಟರ್ ಹತ್ರ ಹೋಗು."

ಹೂಂ ಎನ್ನಲು ಬಾಯಿ ತೆರೆದೆ. ನಾನು ಏನನ್ನುತ್ತೇನೋ ಎಂದು ಕಾಯುತ್ತ ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ದೊಡ್ಡವರ ವಿಷಯ ನಿಂಗ್ಯಾಕೆ, ಹೋಗೇ ಗೂಬೆ!" ಎಂದು ಮಗುವನ್ನು ಗದರಿಬಿಟ್ಟೆ.

ಅದು ಇನ್ನೂ ಬಿಕ್ಕುತ್ತಿರುವುದು ಗೋಡೆಯಾಚೆಯಿಂದ ಕೇಳುತ್ತಿದೆ. ಕರೆಯೋಣವೆಂದರೆ ಸೊಸೆಗೂ ಕೇಳಿಸುತ್ತದೆ. ಅಳಲಿ. ನೋವು ಈಗ ಭುಜಕ್ಕೂ ಹರಡಿದೆ, ಬರೆಯುವ ಪೆನ್ನು ಜಾರುತ್ತಿದೆ. ಆದರೂ ಆ ಹೆಂಗಸಿನ ಎದುರು ಮಾತ್ರ ನಾನು